ಅತ್ತೆ ಕೂರದೆ ಹೊರಡದ ಕಾರು

ಅನುಸೂಯಳಿಗೆ ಡ್ರೈವಿಂಗ್ ಲೈಸೆನ್ಸ್ ಬೇಕಾಗಿದ್ದು ದೇಶ ಸುತ್ತುವುದಕ್ಕಲ್ಲ. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ, ಅಕ್ಕ ರೇಣುಕಾಳ ಮನೆಗೆ, ತನಗೆ ಬೇಕೆನಿಸಿದ ದಿನ ಹೋಗಿಬರಬೇಕು, ಅಷ್ಟೇ. ಬಸ್ಸಿಲ್ಲವೇ ಎಂದು ಕೇಳಬೇಡಿ. ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಹೆಂಡತಿ ಬಸ್ ಹತ್ತಿದರೆ ಗಂಡ ಮೂರ್ತಪ್ಪನ ಮರ್ಯಾದೆ ಏನಾಗಬೇಕು! ಹಾಗಂತ ಅವನಾದರೂ ಕರೆದೊಯ್ಯುತ್ತಾನೆಯೇ? ಇವತ್ತು ಅಮಾವಾಸ್ಯೆ, ನಾಳೆ ಬೀಜದಂಗಡಿಗೆ ಲೋಡು ಬರುತ್ತದೆ, ನಾಡಿದ್ದು ಮೂಡು ಸರಿಯಿಲ್ಲ. ಹೀಗೇ ಹನ್ನೊಂದು ವರ್ಷ ಕಳೆಯಿತು.

ಕೊನೆಗೆ ತಾನೇ ಕಲಿಯುತ್ತೇನೆಂದು ಹಟ ಹಿಡಿದಳು. ಮೂರ್ತಪ್ಪನೇ ಗುರುವಾದ. ಇಪ್ಪತ್ತೊಂದು ವರ್ಷದ ಆ ಪುಟ್ಟ ಬಿಳಿ ಕಾರಿನಲ್ಲಿ ಅವನು ಹೇಳಿಕೊಟ್ಟ ವಿದ್ಯೆ ಕೇಳಿ. ಬ್ರೇಕನ್ನು ಮೂರು ಸಲ ತುಳಿಯಬೇಕು, ಮೊದಲೆರಡು ಬರೀ ಅದನ್ನು ಎಬ್ಬಿಸುವುದಕ್ಕೆ. ನೇರ ಹೋಗಬೇಕೆಂದರೆ ಸ್ಟೇರಿಂಗನ್ನು ಸದಾ ಬಲಕ್ಕೆ ಎಳೆದಿಟ್ಟುಕೊಂಡಿರಬೇಕು. ಎಡಕ್ಕೆ ತಿರುಗುವಾಗ ಬಾಗಿಲನ್ನು ಬಲಗೈಯಲ್ಲಿ ತಬ್ಬಿ ಹಿಡಿಯಬೇಕು, ಇಲ್ಲದಿದ್ದರೆ ತೆರೆದುಕೊಳ್ಳುತ್ತದೆ. ಸೀಟ್ ಬೆಲ್ಟಿನ ಕೊಂಡಿ ಕಚ್ಚುವುದಿಲ್ಲ, ಪೊಲೀಸರ ಕಣ್ಣಿಗೆ ಬೀಳುವಂತೆ ಎದೆಯ ಮೇಲೆ ಎಳೆದುಕೊಂಡು ತುದಿಯನ್ನು ತೊಡೆಯಡಿ ಒತ್ತಿಟ್ಟುಕೊಂಡರಾಯಿತು. ಇನ್ನು ಡ್ರೈವರ್ ಸೀಟು! ಗಾಡಿ ಹೊರಟ ಕೂಡಲೇ ಅದು ಜರ್ರನೆ ಹಿಂದಕ್ಕೆ ಜಾರುತ್ತದೆ. ಅದಕ್ಕೇ ಅತ್ತೆ ಏಕನಾಥಮ್ಮ ಹಿಂದೆ ಕೂತು ಎರಡೂ ಮೊಣಕಾಲು ಕೊಟ್ಟು ಒತ್ತಿ ಹಿಡಿಯಬೇಕು. ಎಪ್ಪತ್ತು ದಾಟಿದ ಆಕೆಯ ಮೊಣಕಾಲಿಲ್ಲದೆ ಆ ಕಾರು ಓಣಿ ದಾಟಿದ್ದೇ ಇಲ್ಲ.

ಇದೆಲ್ಲ ಕಾರಿನ ರೋಗವೆಂದು ಅನುಸೂಯಳಿಗೆ ಹೇಗೆ ಗೊತ್ತಾಗಬೇಕು, ಪಾಪ! ಡ್ರೈವಿಂಗ್ ಅಂದರೆ ಇದೇ ಅಂದುಕೊಂಡಳು. ಬೇರೆಯವರ ಕಾರಿನಲ್ಲೂ ಹಿಂದೆ ಯಾರಾದರೂ ಕೂತೇ ಇರುತ್ತಾರಲ್ಲ.

ಚಿತ್ರದುರ್ಗದಲ್ಲಿ ಮೊದಲ ಟೆಸ್ಟಿನ ದಿನ ಅತ್ತೆಯನ್ನು ಕೆಳಗಿಳಿಸಿದರು. ಸೀಟು ಜಾರಿತು, ಕಾಲಿಗೆ ಬ್ರೇಕು ಎಟುಕಲಿಲ್ಲ, ಕಾರು ಕಂಬಕ್ಕೆ ಉಜ್ಜಿಕೊಂಡು ನಿಂತಿತು. ಎರಡನೆಯ ಸಲ ಸೀಟು ಮತ್ತೆ ಜಾರೀತೆಂಬ ಗಾಬರಿಯಲ್ಲಿ, ಹೊರಡುವ ಮೊದಲೇ ಎಂಜಿನ್ ನಾಲ್ಕು ಬಾರಿ ಆಫ್ ಮಾಡಿಕೊಂಡಳು. "ಕಾರು ಬಂಗಾರದಂಥದ್ದೈತೆ. ನಿಂಗೆ ತಲೆ ಇಲ್ಲ," ಅಂದ ಮೂರ್ತಪ್ಪ. ಅವಳೂ ಅದನ್ನೇ ನಂಬಿ ಬಚ್ಚಲಮನೆಯ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಇವತ್ತು ಮೂರನೆಯ ಸಲ, ಕಲಿಯುವವರ ಲೈಸೆನ್ಸಾದ ಎಲ್ಎಲ್ಆರ್ ಮುಗಿಯುವ ಕೊನೆಯ ದಿನ. "ಇವತ್ತೂ ಫೇಲಾದ್ರೆ ಕಾರಿನ ಕೀಲಿ ಮುಟ್ಟಂಗಿಲ್ಲ ನೋಡು," ಎಂದು ಮೂರ್ತಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಊರಿನ ಡ್ರೈವಿಂಗ್ ಸ್ಕೂಲಿನ ಕಲ್ಲೇಶ್ ಕನಿಕರದಿಂದ, "ಅನುಸೂಯಕ್ಕಾ, ನಮ್ ಹೊಸ ಕಾರ್ನಾಗೆ ಟೆಸ್ಟ್ ಕೊಡ್ರಿ," ಎಂದು ತನ್ನ ಗಾಡಿ ತಂದಿದ್ದ. ಗಂಡ, ಅತ್ತೆ ಹಳೆಯ ಕಾರಿನಲ್ಲಿ ಹಿಂದೆ ಬಂದರು.

ಮೊದಲೆರಡು ಸಲ ಬೇರೆಯವರಿದ್ದರು, ಈ ಸಲ ಟೆಸ್ಟ್ ಮಾಡಲು ಬ್ರೇಕ್ ಇನ್ಸ್‌ಪೆಕ್ಟರ್ ಗುರುರಾಜ್ ಪಕ್ಕದಲ್ಲಿ ಕೂತರು. ಅನುಸೂಯ ಬೆಲ್ಟ್ ಎಳೆದು ತುದಿಯನ್ನು ತೊಡೆಯಡಿ ಇಟ್ಟುಕೊಂಡಳು.

"ಕೊಂಡಿಗೆ ಸಿಗಿಸ್ರಮ್ಮ."

"ಸಿಗುತ್ತಾ ಸಾರ್?" ಎಂದು ಬೆರಗಾಗಿ ಕೇಳಿದಳು.

ಗಾಡಿ ಹೊರಟಿತು. ಸ್ಟೇರಿಂಗನ್ನು ಬಲಕ್ಕೆಳೆದಳು, ಹೊಸ ಕಾರು ವಿಧೇಯವಾಗಿ ಬಲಗಡೆಯ ಚರಂಡಿಯತ್ತ ನಡೆಯಿತು. ಅಯ್ಯೋ ಎಂದು ಬ್ರೇಕನ್ನು ಮೂರು ಸಲ ತುಳಿದಳು. ಇನ್ಸ್‌ಪೆಕ್ಟರ್ ಡ್ಯಾಶ್‌ಬೋರ್ಡಿಗೆ ಮೂರು ನಮಸ್ಕಾರ ಹಾಕಿದರು. ಮುಂದೆ ಎಡತಿರುವು ಬಂತು.

"ಅದ್ಯಾಕಮ್ಮ ಬಾಗ್ಲು ತಬ್ಕಂಡಿದೀರಿ?"

"ತೆಕ್ಕಂತೈತಲ್ಲ ಸಾರ್!"

"ಯಾಕೆ ತೆಕ್ಕಂತೈತೆ?"

"ಎಡಕ್ಕೆ ತಿರುಗ್ತಿದೀವಲ್ಲ ಸಾರ್!"

ಗುರುರಾಜ್ ಗಾಡಿ ನಿಲ್ಲಿಸಲು ಹೇಳಿ ಹಣೆ ಒರೆಸಿಕೊಂಡರು. "ನಿಮಗೆ ಕಲ್ಸಿದ ಪುಣ್ಯಾತ್ಮ ಯಾರು?"

"ನಮ್ಮನೆಯೋರು," ಎಂದು ಅನುಸೂಯ ಬೇವಿನ ಮರದಡಿ ಹಳೆಯ ಕಾರಿಗೆ ಒರಗಿ ನಿಂತಿದ್ದ ಮೂರ್ತಪ್ಪನ ಕಡೆ ಬೆರಳು ಮಾಡಿದಳು. ಮುಗಿಯಿತು, ಈ ಜನ್ಮದಲ್ಲಿ ತನಗಿನ್ನು ಹೊಸದುರ್ಗವಿಲ್ಲ ಅನ್ನಿಸಿತು.

"ಆ ಕಾರು ನಾನೊಂದ್ಸಲ ಓಡಿಸ್ತೀನಿ. ನೀವು ಪಕ್ಕದಲ್ಲಿ ಬರ್ರಿ," ಅಂದರು ಇನ್ಸ್‌ಪೆಕ್ಟರ್. ಮೂರ್ತಪ್ಪ ಹೆಮ್ಮೆಯಿಂದ ಕೀಲಿ ಕೊಟ್ಟ. ಏಕನಾಥಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಸಾಹೇಬ್ರೇ, ನಾನು ಹಿಂದೆ ಕುಂತ್ಕಳ್ದೆ ಹೊರಡಬ್ಯಾಡ್ರಿ!"

"ಯಾಕಜ್ಜಿ, ಎಂಜಿನ್ ನಿಮ್ಮ ಹತ್ರ ಐತಾ?" ಎಂದು ಗುರುರಾಜ್ ನಕ್ಕು ಗೇರ್ ಹಾಕಿದರು.

ಜರ್ರ್! ಸಾಹೇಬರು ಸೀಟಿನ ಸಮೇತ ಹಿಂದೆ ಹೋದರು. ಕಾಲೆರಡೂ ಗಾಳಿಯಲ್ಲಿ, ಕಣ್ಣು ಕಾರಿನ ಚಾವಣಿಯ ಮೇಲೆ. ಗಾಡಿ ಇಳಿಜಾರಿನಲ್ಲಿ ಸೀದಾ ಮೈದಾನದಂಚಿನ ಕಬ್ಬಿನ ಹಾಲಿನ ಗಾಡಿಯ ಕಡೆ ಉರುಳತೊಡಗಿತು. "ಬ್ರೇಕ್! ಬ್ರೇಕ್!" ಎಂದು ಬ್ರೇಕ್ ಇನ್ಸ್‌ಪೆಕ್ಟರೇ ಕೂಗಿದರು. ಅನುಸೂಯ ಪಕ್ಕದಿಂದಲೇ ಬಗ್ಗಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಳು. ಬಲಬಾಗಿಲು ತನ್ನ ಪದ್ಧತಿಯಂತೆ ಬಾಯಿ ತೆರೆಯಿತು, ಸಾಹೇಬರು ಅರ್ಧ ಹೊರಗೆ ಜಾರಿದರು. ಅವಳು ಒಂದು ಕೈಯಲ್ಲಿ ಅವರ ಕಾಲರ್ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದಳು. ಕಬ್ಬಿನ ಗಾಡಿಗೆ ಒಂದು ಗೇಣು ಬಾಕಿಯಿರುವಾಗ ಕಾರು ಗೊರಕ್ಕೆಂದು ನಿಂತಿತು.

ಗುರುರಾಜ್ ಕೆಳಗಿಳಿದು ಒಂದು ಲೋಟ ಕಬ್ಬಿನ ಹಾಲು ಕುಡಿದರು. ಆಮೇಲೆ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮ್ಮಾ, ಎರಡು ಸಲ ನಮ್ಮೋರು ಫೇಲ್ ಮಾಡಿದ್ದು ನಿಮ್ಮನ್ನಲ್ಲ, ಈ ಡಬ್ಬಾನ. ಇದರಾಗೆ ಇಷ್ಟು ದಿನ ಜೀವಂತ ಇದೀರಲ್ಲ, ಅದೇ ದೊಡ್ಡದು!"

"ಸಾರ್, ಸ್ವಲ್ಪ ಹೊಂದ್ಕಂಡು ಓಡಿಸ್ಬೇಕು ಅಷ್ಟೇ..." ಎಂದ ಮೂರ್ತಪ್ಪ.

"ಬಾಯಿ ಮುಚ್ರಿ! ತಾಯಿ ಮೊಣಕಾಲಿನ ಮ್ಯಾಲೆ ಗಾಡಿ ಓಡಿಸ್ತೀರಲ್ಲ, ನಾಚಿಕೆ ಆಗಲ್ವಾ? ಪೂರ್ತಿ ರಿಪೇರಿ ಮಾಡ್ಸಿ ನಂಗೆ ತೋರ್ಸೋ ತನಕ ಇದು ರೋಡಿಗೆ ಇಳಿಯಂಗಿಲ್ಲ." ಅನುಸೂಯಳ ಕಡೆ ತಿರುಗಿ ದನಿ ಇಳಿಸಿದರು. "ಇನ್ನೊಂದ್ಸಲ ಹೊಸ ಕಾರು ಹತ್ರಿ. ಕಲ್ತಿದ್ದೆಲ್ಲ ಮರೆತುಬಿಡ್ರಿ. ಸುಮ್ನೆ ಓಡಿಸ್ರಿ."

ಅವಳು ಸುಮ್ಮನೆ ಓಡಿಸಿದಳು. ಸ್ಟೇರಿಂಗನ್ನು ನೇರ ಹಿಡಿದರೆ ಕಾರು ನೇರ ಹೋಯಿತು. ಎಡಕ್ಕೆ ತಿರುಗಿದಾಗ ಬಾಗಿಲು ಬಾಗಿಲಿನ ಪಾಡಿಗಿತ್ತು. ಬ್ರೇಕಿಗೆ ಒಂದೇ ಒಂದು ಸಲ ಕಾಲು ತಾಗಿಸಿದಳು, ಕಾರು ನಿಂತುಬಿಟ್ಟಿತು. "ಇಷ್ಟೇನಾ ಸಾರ್?" ಅಂದವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆರು ತಿಂಗಳು ತನಗೆ ತಲೆಯಿಲ್ಲ ಎಂದುಕೊಂಡಿದ್ದಳಲ್ಲ! ತಲೆ ಇತ್ತು, ಕೈಯಿತ್ತು, ಧೈರ್ಯವೂ ಇತ್ತು. ಸಂತೋಷಕ್ಕೆ ಮೈಯೆಲ್ಲ ಹಗುರಾಯಿತು.

ಗುರುರಾಜ್ ಪಾಸ್ ಎಂದು ಬರೆದರು.

ಹಳೆಯ ಕಾರನ್ನು ಅಲ್ಲೇ ಬಿಟ್ಟು, ಎಲ್ಲರೂ ಕಲ್ಲೇಶನ ಗಾಡಿಯಲ್ಲಿ ಹೊರಟರು. ಸ್ಟೇರಿಂಗ್ ಅನುಸೂಯಳ ಕೈಯಲ್ಲೇ. ಪಕ್ಕದಲ್ಲಿ ಕಲ್ಲೇಶ್ ಹತ್ತು ಕಿಲೋಮೀಟರ್ ಎಚ್ಚರವಾಗಿದ್ದು, ಆಮೇಲೆ ಕೈ ಕಟ್ಟಿಕೊಂಡು ಹಾಡು ಗುನುಗತೊಡಗಿದ. ಹಿಂದೆ ಏಕನಾಥಮ್ಮ ಕಾಲು ನೀಡಿ ಗೊರಕೆ ಹೊಡೆಯುತ್ತಿದ್ದಳು. ಅವಳ ಪಕ್ಕದಲ್ಲಿ ಮೂರ್ತಪ್ಪ ರಿಪೇರಿಯ ಖರ್ಚನ್ನು ಬೆರಳಲ್ಲಿ ಎಣಿಸುತ್ತಿದ್ದ.

ಹೊಳಲ್ಕೆರೆ ಬಂತು. ಮನೆಯ ತಿರುವೂ ಬಂತು, ಹಿಂದೆ ಹೋಯಿತು.

"ಲೇ, ಮನೆ ಬಿಟ್ಟು ಮುಂದೆ ಬಂದೆ ಕಣೇ! ತಿರುಗ್ಸು!" ಮೂರ್ತಪ್ಪ ಗಾಬರಿಯಿಂದ ಕೂಗಿದ.

ಅನುಸೂಯ ಕನ್ನಡಿಯಲ್ಲಿ ಗಂಡನನ್ನೇ ನೋಡಿದಳು. ಕಲ್ಲೇಶನಿಗೆ ಚಿತ್ರದುರ್ಗದಲ್ಲೇ ಹೇಳಿ ಒಪ್ಪಿಸಿದ್ದಳು.

"ಹೊಸದುರ್ಗದ ರೋಡು ರೀ ಇದು. ಅಕ್ಕಂಗೆ ಫೋನ್ ಮಾಡ್ರಿ, ನಾಲ್ಕು ಜನಕ್ಕೆ ಅಕ್ಕಿ ಇಡಾಕೆ ಹೇಳ್ರಿ. ಯಾರು ಕರ್ಕಂಡು ಬಂದ್ರು ಅಂತ ಕೇಳಿದ್ರೆ, ನಿಜ ಹೇಳ್ರಿ."