ಪಾದ ಊದಿದ್ದು ಬಸಿರಿಗಲ್ಲ

ಓಣಿಯ ಮೊದಲ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಹೊಲಿಗೆಯವರು. ಮುಂದಿನ ಕೋಣೆಯಲ್ಲಿ ಎದುರುಬದುರು ಎರಡು ಮೆಷಿನ್ನು. ಅತ್ತೆ ಕತ್ತರಿಸಿ ಕೊಡುತ್ತಾಳೆ, ಸೊಸೆ ಹೊಲಿಯುತ್ತಾಳೆ. ಮಗ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇರುವುದೇ ಹೆಚ್ಚು.

ಸೊಸೆಗೆ ಲೂಪಸ್. ಮೂರು ವರ್ಷದ ಹಿಂದೆ ಕೆನ್ನೆಯ ಮೇಲೆ ಕೆಂಪು ಮಚ್ಚೆ ಎದ್ದು, ಬೆರಳ ಗೆಣ್ಣು ನೋಯುತ್ತಾ ಸೂಜಿ ಹಿಡಿಯಲಾಗದೆ ಹೋದಾಗ ಗೊತ್ತಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಪೂರ್ತಿ ಬಿಟ್ಟು ಹೋಗುವುದೂ ಇಲ್ಲ. ಮಾತ್ರೆ ನುಂಗುತ್ತಿದ್ದರೆ ಸುಮ್ಮನೆ ಮಲಗಿರುತ್ತದೆ. ಅವಳದೂ ಮಲಗಿತ್ತು.

ಮಗು ಬೇಕು ಅಂದಾಗ ಡಾಕ್ಟರು ಒಂದೆರಡು ಮಾತ್ರೆ ತೆಗೆದು, ಬೇರೆ ಕೊಟ್ಟು, “ಇವನ್ನು ಬಸಿರಲ್ಲೂ ಬಿಡಬಾರದು” ಎಂದಿದ್ದರು. ಅವಳು ಬಸಿರಾದಳು. ಅತ್ತೆಗೆ ಖುಷಿ, ಜೊತೆಗೆ ದಿಗಿಲು.

“ಹೊಟ್ಟೇಲಿ ಕೂಸಿದೆ, ಈಗಲೂ ಮುಷ್ಟಿ ಮಾತ್ರೆ ನುಂಗ್ತೀಯಲ್ಲೇ.”

“ಡಾಕ್ಟರು ಬಿಡಬೇಡ ಅಂದಿದಾರೆ ಅತ್ತೆ.”

“ಅವರಿಗೇನು, ಬರ್ಕೊಡ್ತಾರೆ. ಹೆರೋಳು ನೀನು. ಈಗ ಗಟ್ಟಿಮುಟ್ಟಾಗೇ ಇದೀಯಲ್ಲ?”

ಸೊಸೆ ವಾದ ಮಾಡಲಿಲ್ಲ. ಯಾರಾದರೂ ಹೀಗೆ ಹೇಳಲಿ ಎಂದು ಅವಳ ಮನಸ್ಸು ಕಾಯುತ್ತಿತ್ತು. ಮಾತ್ರೆ ಬಾಯಿಗಿಟ್ಟಾಗಲೆಲ್ಲ ತಾನು ರೋಗಿ ಎಂಬುದು ನೆನಪಾಗುತ್ತಿತ್ತು. ಬಸುರಿಯನ್ನು ಯಾರೂ ರೋಗಿ ಅನ್ನುವುದಿಲ್ಲ. ಮಾತ್ರೆ ಬಿಟ್ಟಳು. ಡಾಕ್ಟರ ಹತ್ತಿರ ಹೋಗುವುದನ್ನೂ ಇವತ್ತು ನಾಳೆ ಎಂದು ಮುಂದೂಡಿದಳು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಪಾದ ಊದಿತು. ರವಿಕೆಯ ತೋಳು ಬಿಗಿಯಿತು. ಹೊಲಿಯುವವರ ಮನೆ, ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು ಕೈಗೆ ಬಂದ ಕೆಲಸ. ಸಡಿಲ ಮಾಡಿ ಹಾಕಿಕೊಂಡಳು. ಮತ್ತೆ ಬಿಗಿಯಿತು, ಮತ್ತೆ ಬಿಚ್ಚಿದಳು.

“ಒಳಗೆ ಇನ್ನು ಬಿಚ್ಚೋಕೆ ಬಟ್ಟೇನೇ ಉಳಿದಿಲ್ಲ ಕಣೇ,” ಎಂದು ಅತ್ತೆ ಟೇಪು ಹಿಡಿದು ನಕ್ಕಳು. “ಅವಳಿ ಜವಳಿ ಇರಬೇಕು.”

ಬಟ್ಟೆ ಕೊಡಲು ಬಂದ ಪಕ್ಕದ ಮನೆಯವಳೂ ನಕ್ಕಳು. “ನಂಗೂ ಹಿಂಗೇ ಊದಿತ್ತು ಬಿಡು. ಹೆರೋ ತನಕ ಗಂಡನ ಚಪ್ಪಲೀಲೇ ಓಡಾಡಿದೀನಿ.”

ಸೊಸೆಯೂ ನಕ್ಕಳು. ಕಾಯಿಲೆ ಬಂದ ಮೇಲೆ ಮೊದಲ ಸಲ ತನ್ನ ಮೈಯ ತೊಂದರೆ ಉಳಿದ ಹೆಂಗಸರ ತೊಂದರೆಯಂತೆಯೇ ಇತ್ತು. ಅದೇ ಅವಳಿಗೆ ಸುಖ. ಮೂತ್ರದಲ್ಲಿ ನೊರೆ ಬರುವುದು ಕಂಡರೂ ಆ ಸುಖ ಕಳೆದುಕೊಳ್ಳಲು ಮನಸ್ಸಾಗದೆ ಯಾರಿಗೂ ಹೇಳಲಿಲ್ಲ.

ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ತಲೆ ಸಿಡಿದು ಕಣ್ಣು ಮಂಜಾಯಿತು. ಆಸ್ಪತ್ರೆಗೆ ಸೇರಿಸಿದಾಗ ಬಿಪಿ ಮಿತಿಮೀರಿತ್ತು. ಕೂಸು ಉಳಿಯಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಗಂಡ ಎರಡೂ ಕೈಯಲ್ಲಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿದ. ಲೂಪಸ್ ಎದ್ದು ಕಿಡ್ನಿಗೆ ನುಗ್ಗಿದೆ, ಅರ್ಧದಷ್ಟು ಕೆಟ್ಟಿದೆ ಎಂದರು ಡಾಕ್ಟರು.

ಮನೆಗೆ ಬಂದ ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅತ್ತೆಯ ಜೊತೆ ಮಾತಿಲ್ಲ. ಕೊಟ್ಟ ಮಾತ್ರೆ ಮುಟ್ಟಲಿಲ್ಲ. ಮೂರನೇ ದಿನ ಅತ್ತೆಯೇ ಹೋಗಿ ಓಣಿಯವರಿಗೆಲ್ಲ ಪರಿಚಯದ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕರೆತಂದಳು. ಬೇರೆ ದಿನವಾಗಿದ್ದರೆ, “ನಿಂದೂ ಸೂಜಿ ಕೆಲಸ, ನಮ್ದೂ ಸೂಜಿ ಕೆಲಸ, ಕಿರಿಚಿಸೋದು ಮಾತ್ರ ನೀನೊಬ್ಬಳೇ” ಎಂದು ಚುಡಾಯಿಸುತ್ತಿದ್ದವಳು ಅವತ್ತು ಸುಮ್ಮನೆ ಸ್ಟೂಲು ಒರೆಸಿ ಕೊಟ್ಟಳು.

“ಯಾರಿಗೋಸ್ಕರ ನುಂಗಲಿ ಸಿಸ್ಟರ್?” ಸೊಸೆ ಗೋಡೆಗೆ ಹೇಳುವಂತೆ ಕೇಳಿದಳು. “ಈಗ ನುಂಗಿದ್ರೆ ಕೂಸು ವಾಪಸ್ ಬರತ್ತಾ?”

“ಬರಲ್ಲ,” ಎಂದಳು ನರ್ಸಮ್ಮ. “ಕಿಡ್ನೀನೂ ಮೊದಲಿನ ಹಾಗೆ ಆಗದೇ ಇರಬಹುದು. ಸುಳ್ಳು ಯಾಕೆ ಹೇಳಲಿ. ಆದ್ರೆ ಉಳಿದಿರೋದನ್ನ ಉಳಿಸ್ಕೋಬಹುದು. ಮಾತ್ರೆ ಇಲ್ಲದಿದ್ರೆ ಅದೂ ಹೋಗತ್ತೆ. ಆಮೇಲೆ ಡಯಾಲಿಸಿಸ್ಸೇ ಗತಿ.”

“ನೋವೇ ಇರಲಿಲ್ಲವಲ್ಲಮ್ಮ,” ಎಂದಳು ಅತ್ತೆ. “ನೋವು ಅಂದಿದ್ರೆ ನಾವು ಸುಮ್ನಿರ್ತಿದ್ವಾ?”

“ಕಿಡ್ನಿ ಕೂಗಿ ಹೇಳಲ್ಲ. ಪಾದ ಊದತ್ತೆ, ನೊರೆ ಬರತ್ತೆ, ಬಿಪಿ ಏರತ್ತೆ, ಅಷ್ಟೇ. ಬಸಿರಲ್ಲೂ ಪಾದ ಊದೋದು ನಿಜ. ಯಾವುದು ಯಾತಕ್ಕೆ ಅಂತ ಮೂತ್ರ, ರಕ್ತ ನೋಡಿ ಹೇಳಬೇಕು. ಕಣ್ಣಳತೇಲಿ ಗೊತ್ತಾಗಲ್ಲ.”

“ಆ ಮಾತ್ರೆ ಕೂಸಿಗೆ ಕೆಟ್ಟದ್ದು ಅಂದ್ಕೊಂಡೆ,” ಎಂದಳು ಅತ್ತೆ.

“ಕೆಟ್ಟದ್ದನ್ನ ಡಾಕ್ಟರು ಮೊದಲೇ ತೆಗೆದಿದ್ರಮ್ಮ. ಉಳಿಸಿದ್ದು ತಾಯೀನೂ ಕೂಸನ್ನೂ ಕಾಯೋಕೆ.”

ಅತ್ತೆ ಮಂಚದ ಅಂಚಿಗೆ ಕೂತಳು. “ನನ್ ಮಾತು ಕೇಳಿ ಮಾತ್ರೆ ಬಿಟ್ಟೆ. ಈಗ ನನ್ ಮಾತು ಕೇಳಬೇಡ. ಇವರ ಮಾತು ಕೇಳು.”

ಸೊಸೆ ಈ ಕಡೆ ತಿರುಗಿದಳು. “ನಿಮ್ಮ ಮಾತಿಗಲ್ಲ ಅತ್ತೆ. ನಂಗೇ ಸಾಕಾಗಿತ್ತು.”

“ಸಾಕಾಗಿದೆ ಅಂತ ಒಂದು ಮಾತು ಹೇಳಬಾರದಿತ್ತಾ?”

“ಯಾರಿಗೆ ಹೇಳಲಿ?”

“ನಂಗೆ.”

ಇಬ್ಬರೂ ಅತ್ತರು. ನರ್ಸಮ್ಮ ತಡೆಯಲಿಲ್ಲ. ಅಳು ತಗ್ಗಿದ ಮೇಲೆ, “ಸಾಕಾಗೋದು ತಪ್ಪಲ್ಲ ಕಣಮ್ಮ, ಎಲ್ಲರಿಗೂ ಸಾಕಾಗತ್ತೆ. ಅಂಥ ದಿನ ನಂಗೆ ಫೋನ್ ಮಾಡಿ ಬೈಕೋ. ಮಾತ್ರೆ ಮಾತ್ರ ಬಿಡಬೇಡ,” ಎಂದಳು. ಸೊಸೆ ಕೈ ಚಾಚಿದಳು. ಅತ್ತೆಯೇ ಒಂದೊಂದಾಗಿ ಮಾತ್ರೆ ಬಿಡಿಸಿ ಕೊಟ್ಟಳು.

ಈಗ ಅವಳ ಕಿಡ್ನಿ ಇನ್ನಷ್ಟು ಕೆಡದೆ ನಿಂತಿದೆ. ಸ್ವಲ್ಪ ಹೊತ್ತು ಹೊಲಿಯುತ್ತಾಳೆ, ಬೇಗ ದಣಿಯುತ್ತಾಳೆ. ಮಗುವಿನ ಮಾತು ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರು. ಕೆಲವು ದಿನ ಮಾತ್ರೆ ಕೈಯಲ್ಲಿಟ್ಟುಕೊಂಡು ಅಳುತ್ತಾಳೆ. ಅತ್ತು, ನುಂಗುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ನಿಮಗೆ ಲೂಪಸ್ ಇದ್ದರೆ ಮೈ ಹಗುರವಾಗಿದೆ ಎಂದು ಮಾತ್ರೆ ಬಿಡಬೇಡಿ. ಹಗುರವಾಗಿರುವುದೇ ಆ ಮಾತ್ರೆಯಿಂದ. ಮಾತ್ರೆಯಿಂದ ಮುಖ ದಪ್ಪಗಾಯಿತು, ಹೊಟ್ಟೆ ಉರಿಯಿತು, ಬಸಿರಾದೆ, ಬೇಸರವಾಯಿತು, ಕಾರಣ ಯಾವುದೇ ಇರಲಿ, ಬಿಡುವ ಮೊದಲು ಡಾಕ್ಟರಿಗೆ ಹೇಳಿ. ಬದಲಿಸುವ ದಾರಿ ಅವರಿಗೆ ಗೊತ್ತು. ಮೂತ್ರ, ರಕ್ತ, ಬಿಪಿ ನೋಡಿಸುವುದನ್ನು ಮುಂದೂಡಬೇಡಿ.

ಮನೆಯವರೇ, ನೋಡಲು ಚೆನ್ನಾಗಿರುವವಳನ್ನು “ಇನ್ನೂ ಎಷ್ಟು ದಿನ ಈ ಮಾತ್ರೆ” ಎಂದು ಕೇಳಬೇಡಿ. ಒಂದು ಲೋಟ ನೀರು ತಂದುಕೊಡಿ. ಅವಳು ನುಂಗುವ ತನಕ ಪಕ್ಕದಲ್ಲಿ ಕೂತಿರಿ.