ಹಳದಿ ಚೀಲದ ಗಂಟು

ತಿರುಮಲಮ್ಮ ನಮ್ಮ ವಾರ್ಡಿನಲ್ಲಿ ಮಲಗಿದ್ದಷ್ಟು ದಿನವೂ ಬಾಗಿಲ ಪಕ್ಕದ ಮೊಳೆಯಲ್ಲಿ ಅವಳ ಹಳದಿ ಬಟ್ಟೆಯ ಚೀಲ ತೂಗುತ್ತಿತ್ತು. ಅದರ ಬಾಯಿಗೆ ದಾರದ ಗಂಟು. ಬೆರಳಲ್ಲಿ ಬಲವಿಲ್ಲದವರು ಎಳೆದರೂ ಒಂದೇ ಸಲಕ್ಕೆ ಬಿಚ್ಚಿಕೊಳ್ಳುವಂಥ ಗಂಟು. ಅದನ್ನು ಕಟ್ಟಿದವಳು ಜುಲೇಖಾ.

ನಾನು ಆ ಊರಿನ ದೊಡ್ಡಾಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದೆ. ಜುಲೇಖಾ ಕೆರೆಯಾಚೆಯ ಸಣ್ಣ ಆರೋಗ್ಯ ಕೇಂದ್ರದ ನರ್ಸ್; ನನಗಿಂತ ಹತ್ತು ವರ್ಷ ಕಿರಿಯಳು. ಅಲ್ಲಿ ವಾಸಿಯಾಗದವರು ನಮ್ಮಲ್ಲಿಗೆ ಬರುತ್ತಿದ್ದರು, ನಮ್ಮಲ್ಲಿ ಚೇತರಿಸಿಕೊಂಡವರು ಮತ್ತೆ ಅಲ್ಲಿಗೆ ಹೋಗುತ್ತಿದ್ದರು. ಇಲ್ಲಿ ಕೊಟ್ಟ ಔಷಧ ಅಲ್ಲಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ನಮ್ಮ ಸದಾನಂದಯ್ಯ ಡಾಕ್ಟರು ತಿಂಗಳಿಗೊಮ್ಮೆ ಎರಡೂ ಕಡೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸತೊಡಗಿದ್ದರು. ಒಬ್ಬ ರೋಗಿಯನ್ನೂ ಕರೆಸುತ್ತಿದ್ದರು. ನಿಯಮ ಒಂದೇ: ತಮ್ಮ ಬಾಗಿಲಲ್ಲಿ ಆದ ತಪ್ಪನ್ನು ಮಾತ್ರ ಹೇಳಬೇಕು, ಆಚೆಯವರ ಕಡೆ ಬೆರಳು ತೋರಿಸಬಾರದು.

ಚೀಲದ ಯೋಚನೆಯನ್ನು ಜುಲೇಖಾ ಅಂಥದೊಂದು ಸಭೆಯಲ್ಲೇ ಹೇಳಿದ್ದಳು. ರೋಗಿಯ ಎಲ್ಲ ಮಾತ್ರೆ, ಚೀಟಿಗಳು ಒಂದೇ ಚೀಲದಲ್ಲಿರಬೇಕು. ಮನೆಗೆ ಕಳಿಸುವ ನರ್ಸ್ ಅದನ್ನು ಬಿಚ್ಚಿ, ಬೇಡದ್ದನ್ನು ತೆಗೆದು ಕಳಿಸಬೇಕು.

"ಇಷ್ಟು ಸುಲಭದ್ದು ನಮಗ್ಯಾರಿಗೂ ಹೊಳೀಲಿಲ್ವಲ್ಲ ಸಿಸ್ಟರ್" ಎಂದು ಡಾಕ್ಟರು ನನ್ನ ಕಡೆ ನೋಡಿ ನಕ್ಕರು. ಇಪ್ಪತ್ತೆರಡು ವರ್ಷ ಆ ವಾರ್ಡಿನಲ್ಲಿ ದುಡಿದವಳು ನಾನು. ಆ ನಗು ಮುಳ್ಳಾಗಿ ಒಳಗೇ ಉಳಿಯಿತು.

ಮುಂದೊಂದು ಸಭೆಗೆ ತಿರುಮಲಮ್ಮ ತನ್ನ ಹಳದಿ ಚೀಲದೊಂದಿಗೆ ಬಂದಳು. ಬಳೆ ಮಾರುವವಳು. ನಮ್ಮಲ್ಲಿ ಕಾಲಿನ ಹುಣ್ಣು ಮಾಯಿಸಿಕೊಂಡು ಹೋದ ಮೂರನೆಯ ದಿನ ಬೀದಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಜುಲೇಖಾಳ ಆರೈಕೆಯಿಂದ ಬದುಕಿದ್ದಳು. ಸಕ್ಕರೆ ಕಾಯಿಲೆಗೆ ಕೆರೆಯಾಚೆ ಮೊದಲು ಕೊಟ್ಟಿದ್ದ ಮಾತ್ರೆ, ಆಮೇಲೆ ನಾವು ಕೊಟ್ಟ ಮಾತ್ರೆ, ಎರಡನ್ನೂ ನುಂಗಿದ್ದಳು. ಹೆಸರು ಬೇರೆ, ಔಷಧ ಒಂದೇ.

ಜುಲೇಖಾಳೇ ಮೊದಲು ಮಾತಾಡಿದಳು. "ತಪ್ಪು ನಂದೂ ಇದೆ ಸರ್. ದೊಡ್ಡಾಸ್ಪತ್ರೆಗೆ ಕಳಿಸುವಾಗ ಮಾತ್ರೆ ಹೆಸರು ಚೀಟೀಲಿ ಬಿಡಿಸಿ ಬರೀಲಿಲ್ಲ."

ಡಾಕ್ಟರು ಮೆಚ್ಚಿ ತಲೆದೂಗಿದರು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

"ನೀವು ಹೇಳಿ ತಿರುಮಲಮ್ಮ, ಇಲ್ಲಿಂದ ಹೊರಡುವಾಗ ಚೀಲ ಬಿಚ್ಚಿ ನೋಡಿದ್ರಾ ಯಾರಾದ್ರೂ?" ಡಾಕ್ಟರು ಅವಳ ಕಡೆ ತಿರುಗಿ ಕೇಳಿದರು.

ತಿರುಮಲಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. "ನಾನೇ ತೋರಿಸ್ದೆ ಬಂದಿರ್ತೀನಿ ಬಿಡಿ ಸ್ವಾಮಿ. ಬಳೆ ಅಳತೆ ಬಿಟ್ರೆ ಈ ತಲೇಲಿ ಇನ್ನೇನ್ ನಿಲ್ತದೆ?"

ಎಲ್ಲರೂ ನಕ್ಕರು. ಅವಳು ಸುಳ್ಳು ಹೇಳಿದ್ದಳು. ಹೊರಡುವ ದಿನ ಚೀಲವನ್ನು ನನ್ನ ಮುಂದೆ ಹಿಡಿದು, "ಒಸಿ ನೋಡವ್ವ, ಜುಲೇಖವ್ವ ತೋರಿಸ್ಕೊಂಡು ಬಾ ಅಂದವ್ಳೆ" ಎಂದಿದ್ದಳು. ನಾನು ಗಂಟು ಮುಟ್ಟದೆ, "ಅಲ್ಲೇ ಹೋಗಿ ತೋರಿಸ್ಕೋ" ಎಂದಿದ್ದೆ.

"ನಿಮ್ಮ ಬಾಗಿಲಲ್ಲಿ ಸಿಸ್ಟರ್?" ಡಾಕ್ಟರು ಕೇಳಿದರು.

ಏನೂ ಇಲ್ಲ ಎಂದರೆ ಸಾಕಿತ್ತು. ತಿರುಮಲಮ್ಮ ಅದಕ್ಕೆ ದಾರಿಯನ್ನೂ ಮಾಡಿಕೊಟ್ಟಿದ್ದಳು. ನನ್ನನ್ನು ಚುಚ್ಚಿದ್ದೂ ಅದೇ.

"ಚೀಲ ನನ್ನ ಮುಂದೆ ಹಿಡಿದಿದ್ಲು. ನಾನು ಬಿಚ್ಚಲಿಲ್ಲ."

"ಯಾಕೆ?"

"ಅದು ಜುಲೇಖಾ ಕಟ್ಟಿದ್ದು ಅಂತ."

ತಿರುಮಲಮ್ಮ ಕೈಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡಳು. ಜುಲೇಖಾ ನನ್ನತ್ತ ನೋಡದೆ ಮೇಜಿನ ಮೇಲಿದ್ದ ಹಳದಿ ಚೀಲವನ್ನು ನನ್ನ ಮುಂದಕ್ಕೆ ತಳ್ಳಿದಳು.

"ಬಿಚ್ಚಿ ಅಕ್ಕ. ಇನ್ನೇನೇನಿದೆಯೋ ನೋಡೋಣ."

ಆಮೇಲೆ ಬಾಗಿಲ ಪಕ್ಕ ಇನ್ನಷ್ಟು ಮೊಳೆಗಳನ್ನು ಹೊಡೆಸಿದೆವು. ಹೊರಡುವವರ ಚೀಲಗಳನ್ನೆಲ್ಲ ನಾನೇ ಬಿಚ್ಚಿ, ನೋಡಿ, ಮತ್ತೆ ಕಟ್ಟುತ್ತಿದ್ದೆ. ಆ ಗಂಟು ಹಾಕುವುದನ್ನು ಹೇಳಿಕೊಡೆಂದು ಅವಳನ್ನು ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ಅವಳು ಕಟ್ಟಿ ಕಳಿಸಿದ್ದನ್ನು ನಿಧಾನವಾಗಿ ಸಡಿಲಿಸಿ, ದಾರ ಎಲ್ಲಿ ನುಸುಳಿ ಎಲ್ಲಿ ಹೊರಬರುತ್ತದೆಂದು ನೋಡಿ ನೋಡಿ ಕಲಿತೆ. ಅವಳ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ನನ್ನದನ್ನು, ಕೊನೆಯವರೆಗೂ, ಎರಡು ಸಲ ಎಳೆಯಬೇಕಾಗುತ್ತಿತ್ತು.