ಗಟ್ಟಿಮೇಳದ ಪ್ಲೇಟು

ಹದಿನಾಲ್ಕು ವರ್ಷದಿಂದ ಮಳವಳ್ಳಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕರೆಂಟಿನ ಪಾಠ ಮಾಡುತ್ತಿದ್ದ ವಿಜ್ಞಾನದ ಮೇಡಂ ಸೌಮ್ಯ, ತನ್ನ ಮನೆಯ ಹಾಲಿನಲ್ಲಿ ಒಂದು ಹಳೆಯ ರೆಕಾರ್ಡ್ ಪ್ಲೇಯರಿನ ಮುಂದೆ ಸೋತು ಕೂತಿದ್ದಳು. ಪ್ಲೇಟು ತಿರುಗುತ್ತಿತ್ತು, ಸೂಜಿ ಅದರ ಮೇಲೆ ಕೂತಿತ್ತು, ಸ್ಪೀಕರಿನ ವಾಲ್ಯೂಮು ಕೊನೆಯ ಗೆರೆ ಮುಟ್ಟಿತ್ತು. ಇಷ್ಟೆಲ್ಲ ಆದರೂ ಸ್ಪೀಕರಿಗೆ ಕಿವಿ ಅಂಟಿಸಿದರೆ ಮಾತ್ರ, ಎಲ್ಲೋ ಮೂಲೆಯಲ್ಲಿ ಸೊಳ್ಳೆ ಹಾಡಿದಷ್ಟು ದನಿ.

ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಅವಳ ತಾಯಿ ಬೆಳ್ಳಮ್ಮ ತಲೆಯೆತ್ತದೆ ಹೇಳಿದಳು: "ಓಗ್ಲಿ ಬುಡು ಮಗ. ಆಡ್ಸೋನೇ ಇಲ್ದ ಮ್ಯಾಲೆ ಪ್ಲೇಟಿನ ದನಿ ಎಲ್ಲಿಂದ ಬತ್ತದೆ."

ಆ ಮಾತು ಸೌಮ್ಯಳಿಗೆ ನಾಟಿತು. ಅಪ್ಪ ಚಿಕ್ಕಬೋರಯ್ಯ ತೀರಿಕೊಂಡು ಎರಡು ವರ್ಷ. ಅವ್ವನನ್ನು ಆಗಲೇ ಮಳವಳ್ಳಿಗೆ ತನ್ನ ಜೊತೆ ಕರೆತಂದಿದ್ದಳು. ಅವ್ವ ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು. ನಗುವುದೊಂದನ್ನು ಬಿಟ್ಟಿದ್ದಳು. ಒಂದು ಕಾಲದಲ್ಲಿ ಬೆಳ್ಳಮ್ಮ ನಕ್ಕರೆ ಬೀದಿಯ ಆ ತುದಿಯಲ್ಲಿ ಮಲಗಿದ ನಾಯಿ ಎದ್ದು ನಿಲ್ಲುತ್ತಿತ್ತು. ಅಂಥವಳು ಈ ಎರಡು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಯುಗಾದಿಗೆ ಅಟ್ಟ ಗುಡಿಸುವಾಗ ಗಂಡನ ಪ್ಲೇಟಿನ ಟ್ರಂಕು ಕಣ್ಣಿಗೆ ಬಿದ್ದು, "ಆ ಓಲಗದ ಪ್ಲೇಟು ಒಂದ್ಸಲ ಕೇಳ್ಬೇಕು ಕಣವ್ವ" ಅಂದಿದ್ದಳು. ಅದನ್ನು ಕೇಳಿಸಿದರೆ ಅವ್ವ ಹಳೆಯ ಅವ್ವ ಆದಾಳು ಎಂದು ಸೌಮ್ಯ ಅವತ್ತೇ ಪಟ್ಟು ಹಿಡಿದಳು.

ಚಿಕ್ಕಬೋರಯ್ಯನ ಮೈಕ್‌ಸೆಟ್ಟು ಅಂದರೆ ಸುತ್ತಮುತ್ತಲ ಹತ್ತು ಹಳ್ಳಿಗೆ ಗೊತ್ತಿತ್ತು. ಯಾರದೇ ಮದುವೆಯಾಗಲಿ, ಹಿಂದಿನ ದಿನ ತೆಂಗಿನಮರಕ್ಕೆ ಅವನ ಹಾರ್ನು ಏರಿದ ಮೇಲೆಯೇ ಮದುವೆಗೆ ಕಳೆ. ಗೌಡರ ಮನೆಯ ನಡುಮನೆಗೂ, ದೇವರ ಕೋಣೆಗೂ ಅವನ ಹಾಡು ಹೇಳದೆ ಕೇಳದೆ ನುಗ್ಗುತ್ತಿತ್ತು. ಹಾಡು ಹಾಕಿದವನು ಮಾತ್ರ ಚಪ್ಪರದಾಚೆ ಮರದ ಬುಡದಲ್ಲಿ ಕೂರಬೇಕು, ಅಲ್ಲಿಗೇ ಎಲೆ ಬರಬೇಕು. ದನಿಗೆ ಮೈಲಿಗೆಯಿಲ್ಲ, ದನಿ ಹಾಕುವವನಿಗೆ ಮಾತ್ರ ಮೈಲಿಗೆ! ಎಂಥ ಲೆಕ್ಕಾಚಾರವೋ ಅದು. ಆಮೇಲೆ ಕ್ಯಾಸೆಟ್ಟು ಬಂತು, ಡೀಜೆ ಬಂತು, ಮಿಷನ್ನೂ ಹಾರ್ನೂ ಗುಜರಿಗೆ ಹೋದವು. ಪ್ಲೇಟಿನ ಟ್ರಂಕು ಕೊಡಲು ಮಾತ್ರ ಅವನು ಸುತಾರಾಂ ಒಪ್ಪಲಿಲ್ಲ.

ಆ ಓಲಗದ ಪ್ಲೇಟಿನದು ಒಂದು ಕತೆ. ಅವನ ಮದುವೆಗೆ ಓಲಗದವರು ಬರಲಿಲ್ಲ. ಕೇರಿಯ ಮದುವೆ ಅಂದರೆ ಅವರಿಗೆ ನೂರೆಂಟು ನೆಪ. ಚಿಕ್ಕಬೋರಯ್ಯ ಯಾರಿಗೂ ಸೊಪ್ಪು ಹಾಕದೆ ಮೈಸೂರಿಗೆ ಹೋಗಿ ಓಲಗದ ಪ್ಲೇಟು ತಂದ. ಗಂಡೂ ಅವನೇ, ಮೈಕ್‌ಸೆಟ್ಟೂ ಅವನದೇ. "ಯಾವನಾದ್ರೂ ಮಿಷನ್ ಮುಟ್ಟುದ್ರೆ ಕೈ ಮುರೀತೀನಿ" ಎಂದು ಕೇರಿಗೆಲ್ಲ ಕೇಳುವಂತೆ ಮೈಕಿನಲ್ಲೇ ಸಾರಿ, ಸೂಜಿ ಇಟ್ಟು, ಹಸೆಮಣೆಗೆ ಬಂದು ಕೂತ. ತಾಳಿಗೆ ಮೊದಲ ಗಂಟು ಹಾಕುವ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ಶುರುವಾಯಿತು. ಜನ ಅಕ್ಷತೆ ಹಾಕಿದರು. ಗಟ್ಟಿಮೇಳ ಮುಗಿಯಲೇ ಇಲ್ಲ. ಪ್ಲೇಟಿನ ಒಂದು ಗೀರಿನಲ್ಲಿ ಸೂಜಿ ಸಿಕ್ಕಿಕೊಂಡು ಬಂದದ್ದೇ ಬರುತ್ತಿತ್ತು. ಗಟ್ಟಿಮೇಳ ಕೇಳಿದರೆ ಅಕ್ಷತೆ ಹಾಕಬೇಕು, ಜನರಿಗೆ ಗೊತ್ತಿದ್ದದ್ದು ಅಷ್ಟೇ. ಹಾಕಿದರು, ಮತ್ತೆ ಹಾಕಿದರು, ತಟ್ಟೆ ಬರಿದಾದಾಗ ಅಡುಗೆಗಿಟ್ಟ ಅಕ್ಕಿಯನ್ನೇ ತಂದು ಹಾಕಿದರು. ಕೈ ಮುರಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಮದುಮಗನೇ ಒಂದು ಗಂಟಿಗೆ ಬಿಟ್ಟು ಎದ್ದು, ಬಾಸಿಂಗ ಹಿಡಿದುಕೊಂಡು ಓಡಿ, ಸೂಜಿ ಎತ್ತಿ ಬಂದು ಇನ್ನೆರಡು ಗಂಟು ಹಾಕಿದ. "ಒಂದ್ ಗಂಟಾಕಿ ಓಡೋದೋನು" ಎಂದು ಬೆಳ್ಳಮ್ಮ ಅವನನ್ನು ನಲವತ್ತು ವರ್ಷ ಆಡಿಕೊಂಡಳು.

ಆ ಪ್ಲೇಟಿಗೋಸ್ಕರ ಸೌಮ್ಯ ಮದ್ದೂರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಪ್ಲೇಯರನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ತಂದು ಮನೆಯಲ್ಲಿದ್ದ ಹೋಂ ಥಿಯೇಟರಿಗೆ ಸಿಕ್ಕಿಸಿದರೆ ಈ ಸೊಳ್ಳೆ ದನಿ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮಂಡ್ಯದ ಪೇಟೆಬೀದಿಯ ಪಕ್ಕದ ಗಲ್ಲಿಗೆ ಹೋದಳು. ಅಲ್ಲಿ ಜಯಪ್ರಕಾಶ್ ಎಂಬವರ ರೇಡಿಯೋ ರಿಪೇರಿ ಅಂಗಡಿ ಇನ್ನೂ ಉಸಿರಾಡುತ್ತಿದೆ ಎಂದು ಯಾರೋ ಹೇಳಿದ್ದರು. ಅರವತ್ತು ದಾಟಿದ ಆಸಾಮಿ. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕೂತಿದ್ದರು. ಅವಳ ಮಾತೆಲ್ಲ ಕೇಳಿ, "ನಡುವೆ ಪ್ರಿಯಾಂಪ್ ಆಕಿದ್ದೀರಾ ಮೇಡಮ್ಮೋರೆ?" ಅಂದರು.

"ಹಂಗಂದ್ರೆ?"

ಪಾಠ ಹೇಳುವವಳು ಹೀಗೆ ಕೇಳಿದ್ದಕ್ಕೆ ಅವರು ನಗಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯವರು. "ನೋಡಿ, ಆ ಕಾಲದ ಮೈಕ್‌ಸೆಟ್ ಮಿಷನ್ನಿನ ಸೂಜಿಗೆ ಗಂಟ್ಲು ಜೋರು. ಸೀದಾ ಆಂಪ್ಲಿಫೈಯರ್‌ಗೆ ಕೊಟ್ರೂ ಕೂಗ್ತಿತ್ತು. ಈಗ ನೀವು ತಂದಿರೋದು ಮೆತ್ತಗೆ ಮಾತಾಡೋ ಸೂಜಿ. ಅದು ಪಿಸುಗುಟ್ಟಿದ್ನ ಎತ್ತಿ ಹೇಳೋಕೆ ನಡುವೆ ಒಂದು ಡಬ್ಬಿ ಬೇಕು. ಅದೇ ಪ್ರಿಯಾಂಪು. ಪ್ಲೇಟೆಲ್ಲ ಯಾರ್ದು?"

ಅವಳು ಅಪ್ಪನ ಹೆಸರು ಹೇಳಿದಳು. ಜಯಪ್ರಕಾಶ್ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಚಿಕ್ಕಬೋರಯ್ಯನವ್ರ ಮಗಳಾ ನೀವು? ನಮ್ಮಕ್ಕನ ಮದ್ವೆಗೆ ಅವರದೇ ಸೆಟ್ಟು. ಎರಡು ದಿನ ನಾನು ಅವರ ಪಕ್ಕ ಬಿಟ್ಟು ಏಳ್ಲಿಲ್ಲ. ತಂತಿ ಬೆಸೆಯೋದು ನಾನು ಮೊದ್ಲು ನೋಡಿದ್ದೇ ಅವರ ಕೈಲಿ." ಕನ್ನಡಕದ ದಾರ ಬೆರಳಿಗೆ ಸುತ್ತುತ್ತ ಹೇಳಿದರು: "ಉಣಸೆಮರದ ಬುಡದಲ್ಲಿ ಕೂರಿಸಿ ಊಟ ಇಕ್ಕಿದ್ರು ಮೇಡಂ, ನಮ್ಮೋರು. ನಾನು ಒಳಗೆ ಕೂತು ಉಂಡೆ. ಇವತ್ತಿಗೂ ಆ ಊಟ ನೆನೆಸ್ಕೊಂಡ್ರೆ ನನಗೆ ತುತ್ತು ಇಳಿಯಲ್ಲ."

ಸೌಮ್ಯಳಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಅವರೇ ಎದ್ದು ಅಟ್ಟಣಿಗೆಯಿಂದ ಟಿಫನ್ ಡಬ್ಬಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ ಇಳಿಸಿ ಧೂಳು ಊದಿದರು. ಮುಂದೆ ಒಂದು ಸಣ್ಣ ದೀಪ, ಹಿಂದೆ ನಾಲ್ಕು ತೂತು, ಒಂದು ತಿರುಪು.

"ನಾನೇ ಮಾಡಿದ್ದು. ಗೆಜ್ಜಲಗೆರೆ ಫ್ಯಾಕ್ಟ್ರಿಯೋರೊಬ್ರು ವರ್ಸ ಇಟ್ಕೊಂಡು ದೊಡ್ಡದು ತಕ್ಕೊಂಡ್ರು, ಇದ್ನ ವಾಪಸ್ ಕೊಟ್ರು. ಒಸದಕ್ಕೆ ಸುಮ್ನೆ ದುಡ್ಡು ಸುರೀಬೇಡಿ, ನಿಮಗೆ ಇದು ಧಾರಾಳ ಆಯ್ತು. ಒಳಗೆ ಒಂದು ತಂತಿ ಬಿಟ್ಕೊಂಡದೆ. ಬೆಸುಗೆ ನೀವೇ ಹಾಕಿ."

"ಅಯ್ಯೋ, ನಂಗೆ ಬರಲ್ಲ ಸಾರ್!"

"ನಿಮ್ಮ ತಂದೆಯೋರು ನಂಗೆ ತೋರಿಸ್ಕೊಟ್ರು. ಅವರ ಮಗಳಿಗೆ ತೋರಿಸ್ದೆ ಕಳಿಸ್ಲಾ? ತಂತಿ ಕಾಯಿಸಿ, ಸೀಸ ತಾನೇ ಅರ್ಕೊಂಡ್ ಬತ್ತದೆ."

ಮೊದಲ ಸಲ ಸೀಸ ಗೋಲಿಯಾಗಿ ಉರುಳಿ ಹೋಯಿತು. ಎರಡನೇ ಸಲ ಬೆರಳು ಸುಟ್ಟಿತು. ಮೂರನೇ ಸಲ ಸೀಸ ಕರಗಿ ತಂತಿಯ ಸುತ್ತ ಹರಿದು, ಹೊಳೆದು, ಕೂತುಕೊಂಡಿತು. ಅದೇ ವಾಸನೆ! ಚಿಕ್ಕವಳಾಗಿದ್ದಾಗ ಅಪ್ಪನ ಅಂಗಿಗೆ ಮೂಗಿಟ್ಟರೆ ಬರುತ್ತಿದ್ದ, ಮೇಣ ಸುಟ್ಟಂಥ ವಾಸನೆ. ಪೆಟ್ಟಿಗೆ ಮುಚ್ಚುವ ನೆಪದಲ್ಲಿ ಸೌಮ್ಯ ತಲೆ ತಗ್ಗಿಸಿಕೊಂಡಳು.

ಹೊರಡುವಾಗ ಪರ್ಸಿನಿಂದ ಒಂದು ಹಳೆಯ ನಾಲ್ಕಾಣೆ ತೆಗೆದು ತೋರಿಸಿದಳು. ಓಲಗದ ಪ್ಲೇಟಿನ ಕವರಿನೊಳಗೆ ಸಿಕ್ಕಿದ್ದು. ಅಪ್ಪ ಯಾಕೆ ಇಟ್ಟಿದ್ದನೋ ಗೊತ್ತಿರಲಿಲ್ಲ.

ಜಯಪ್ರಕಾಶರ ಮುಖ ಅರಳಿತು. "ಸೂಜಿ ಕಡ್ಡಿಯ ತಲೆ ಮ್ಯಾಲೆ ಇಡೋಕೆ. ಗೀರು ಬಿದ್ದ ಪ್ಲೇಟಲ್ಲಿ ಸೂಜಿ ನಿಂತ್ಕೊಂಡ್ರೆ ಈ ಬಿಲ್ಲೆ ಭಾರಕ್ಕೆ ದಾಟ್ಕೊಂಡು ಓಯ್ತದೆ. ಮದ್ವೇಲಿ ಪೇಚಾಟ ಆಗಬಾರ್ದಲ್ಲ. ಇಡಿ, ನೀವೂ ಇಡಿ."

ಅಪ್ಪ ತನ್ನ ಮದುವೆಯಲ್ಲಿ ಕಲಿತ ಬುದ್ಧಿ! ಸೌಮ್ಯ ದಾರಿಯುದ್ದಕ್ಕೂ ನಗುತ್ತ ಬಂದಳು. ಅವ್ವನಿಗೆ ಒಂದು ಎಡವಟ್ಟೂ ಇಲ್ಲದೆ, ಮೊದಲಿಂದ ಕೊನೆವರೆಗೆ ಕೇಳಿಸಬೇಕು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಎಲ್ಲ ಜೋಡಿಸಿ ಸ್ವಿಚ್ಚು ಹಾಕಿದಳು. ಓಲಗ ಬರಲಿಲ್ಲ. ರೈಸ್‌ಮಿಲ್ಲಿನಂತೆ ಗೊಂಯ್ ಎಂಬ ಸದ್ದು ಮನೆ ತುಂಬಿತು. ಸೌಮ್ಯ ಈ ವೈರು ಕಿತ್ತಳು, ಆ ವೈರು ತಿರುಗಿಸಿದಳು, ಬೆಸುಗೆಯೇ ಕೆಟ್ಟಿರಬೇಕು ಎಂದು ತನ್ನನ್ನೇ ಬೈದುಕೊಂಡಳು.

ಬೆಳ್ಳಮ್ಮ ಮೊರ ಕೆಳಗಿಟ್ಟು ಹತ್ತಿರ ಬಂದು ಬಗ್ಗಿದಳು. "ಅದ್ಯಾಕವ್ವ ಆ ಸಣ್ಣ ತಂತಿ ಅಂಗೆ ತೂಗಾಡ್ತಾ ಅದೆ? ಅರ್ತ್ ಕೊಟ್ಟಿಲ್ವ?"

ಪ್ಲೇಯರಿನಿಂದ ಹೊರಟ ಹಸಿರು ತಂತಿ ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಸೌಮ್ಯ ಅದನ್ನು ಡಬ್ಬಿಯ ಹಿಂದಿನ ತಿರುಪಿಗೆ ಸುತ್ತಿ ಬಿಗಿ ಮಾಡಿದಳು. ಗೊಂಯ್ ನಿಂತೇಹೋಯಿತು. ಹದಿನಾಲ್ಕು ವರ್ಷ ಅರ್ತಿಂಗ್ ಪಾಠ ಮಾಡಿದ್ದು ನೆನಪಾಗಿ ಮೇಡಮ್ಮನ ಕಿವಿ ಕೆಂಪಾದವು. ತಿರುಗಿ ನೋಡಿದರೆ ಅವ್ವ ಒಳಗಿನಿಂದ ಒಂದು ಚೊಂಬು ನೀರು ಹಿಡಿದು ಬರುತ್ತಿದ್ದಾಳೆ.

"ನೀರ್ಯಾಕವ್ವ?"

"ಅರ್ತಿಗೆ ಉಯ್ಯಲ್ವ? ನಿಮ್ಮಪ್ಪ ನೆಲಕ್ಕೆ ಕಬ್ಣದ ಗೂಟ ಒಡೆಯೋದು, ನಾನು ನೀರು ಉಯ್ಯೋದು. ನೀರು ಉಯ್ದಂಗೂ ದನಿ ತಿಳಿಯಾಗೋದು."

"ಇದಕ್ಕೆ ನೀರು ಬೇಡ ಕಣವ್ವ."

"ಊಂ," ಎಂದು ಬೆಳ್ಳಮ್ಮ ಚೊಂಬನ್ನು ಮಗ್ಗುಲಲ್ಲೇ ಇಟ್ಟುಕೊಂಡು ಮತ್ತೆ ಮೊರದ ಮುಂದೆ ಕೂತಳು.

ಸೌಮ್ಯ ಸೂಜಿ ಕಡ್ಡಿಯ ತಲೆಯ ಮೇಲೆ ಅಪ್ಪನ ನಾಲ್ಕಾಣೆ ಇಟ್ಟು ಸೂಜಿ ಇಳಿಸಿದಳು. ಚಟಪಟ ಎಂದಿತು. ಆಮೇಲೆ ನಾಗಸ್ವರ ಮನೆಯ ಗೋಡೆಗೋಡೆಗೂ ತಾಕುವಂತೆ ಎದ್ದಿತು. ಬಂತು! ಆ ತಗಡಿನ ಡಬ್ಬಿ, ತಾನು ಬೆಸೆದ ಆ ಒಂದು ತಂತಿ, ಸತ್ತಿತ್ತೆಂದುಕೊಂಡಿದ್ದ ದನಿಯನ್ನು ಎತ್ತಿ ತಂದಿದ್ದವು. ಅವಳಿಗೆ ಎದ್ದು ಕುಣಿಯಬೇಕೆನಿಸಿತು. ಓಲಗ ಏರುತ್ತ ಹೋಗಿ ಗಟ್ಟಿಮೇಳ ಬಂತು, ಡೋಲು ಗುಡುಗಿತು, ಸೂಜಿ ಗೀರಿನ ಮೇಲೆ ಒಮ್ಮೆ ಟಿಕ್ ಎಂದು ದಾಟಿಕೊಂಡು ಮುಂದಕ್ಕೆ ಹೋಯಿತು. ಪ್ಲೇಟು ಮುಗಿಯಿತು.

ಅವ್ವನ ಮುಖದಲ್ಲಿ ಏನೂ ಇರಲಿಲ್ಲ. "ಚೆಂದಾಗದೆ ಮಗ," ಎಂದು ಮೊರದೊಳಗಿನ ಕಲ್ಲು ಹುಡುಕತೊಡಗಿದಳು.

ಸೌಮ್ಯ ಸೂಜಿ ಎತ್ತಿಟ್ಟು ಕೇಳಿದಳು: "ಇದೇ ಅಲ್ವೇನವ್ವ ಆ ಪ್ಲೇಟು?"

"ಪ್ಲೇಟು ಅದೇಯ. ಬಿಲ್ಲೆ ಇಟ್ಬುಟ್ಟಿದ್ದೀಯಲ್ಲ. ಬಿಲ್ಲೆ ಇಟ್ಟು ಹಾಕಿದ್ದು ಊರೋರ ಮದ್ವೇಗೆ." ಬೆಳ್ಳಮ್ಮ ಅಕ್ಕಿಯ ಮೇಲೆ ಬೆರಳಾಡಿಸುತ್ತ ಹೇಳಿದಳು: "ನಾನು ಮುನಿಸ್ಕೊಂಡು ಮಾತು ಬಿಟ್ಟಾಗ ನಿಮ್ಮಪ್ಪ ಬಿಲ್ಲೆ ತಗ್ದು ಹಾಕೋನು. ಸೂಜಿ ಆ ಗೀರಲ್ಲಿ ಬಂದು ನಿಂತ್ಕೊಳ್ಳೋದು. ನಾನು ನಗೋಗಂಟ ಎತ್ತುತ್ತಲೇ ಇರ್ಲಿಲ್ಲ."

ರಿಪೇರಿ ಮಾಡಬಾರದ್ದನ್ನೇ ತಾನು ಇಷ್ಟು ಜೋಪಾನವಾಗಿ ರಿಪೇರಿ ಮಾಡಿದ್ದೆನಲ್ಲ ಎಂದು ಸೌಮ್ಯಳಿಗೆ ಸಂಕಟವಾಯಿತು. ನಾಲ್ಕಾಣೆ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡು ಸೂಜಿಯನ್ನು ಮತ್ತೆ ಮೊದಲಿಗೆ ಇಟ್ಟಳು. ನಾಗಸ್ವರ ಎದ್ದಿತು, ಏರಿತು, ಡೋಲು ಗುಡುಗಿತು. ಟಿಕ್. ಗಟ್ಟಿಮೇಳ. ಟಿಕ್. ಗಟ್ಟಿಮೇಳ. ಟಿಕ್.

ಬೆಳ್ಳಮ್ಮನ ಕೈ ಮೊರದಲ್ಲಿ ನಿಂತಿತು. ಒಂದು ಹಿಡಿ ಅಕ್ಕಿ ತೆಗೆದು ಪ್ಲೇಯರಿನ ಕಡೆಗೆ ಎಸೆದಳು. ಮತ್ತೆ ಗಟ್ಟಿಮೇಳ ಬಂತು, ಮತ್ತೊಂದು ಹಿಡಿ ಎಸೆದಳು. ಆಮೇಲೆ ನಕ್ಕಳು. ಎರಡು ವರ್ಷದಿಂದ ಎಲ್ಲಿ ಅಡಗಿತ್ತೋ ಆ ನಗು, ಹೊಟ್ಟೆಯಿಂದ ಎದ್ದು ಬಂತು. ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲಲಿಲ್ಲ. ಸೌಮ್ಯಳೂ ನಕ್ಕಳು, ನಗುತ್ತ ನಗುತ್ತ ಅತ್ತಳು.

ಅಕ್ಕಿಕಾಳು ಪ್ಲೇಟಿನ ಮೇಲೆಲ್ಲ ಬಿದ್ದಿದ್ದವು. ಸೂಜಿ ಹಾಳಾದೀತೆಂದು ಸೌಮ್ಯ ಕೈ ಚಾಚಿದಳು.

"ಬುಡು ಮಗ, ಮುಟ್ಬೇಡ," ಅಂದಳು ಬೆಳ್ಳಮ್ಮ. ಅವಳ ಕೈ ಬರಿಗೊರಳಿನ ಮೇಲಿತ್ತು. "ಇನ್ನೂ ಎರಡು ಗಂಟು ಬಾಕಿ ಅವೆ. ನಿಮ್ಮಪ್ಪನೇ ಎದ್ದು ಬಂದು ಎತ್ಲಿ."

ಸೌಮ್ಯ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವ್ವನ ಪಕ್ಕದಲ್ಲಿ ಕೂತಳು.